ಹಂಪಿಯ ಜಾತ್ರೆ, ಉತ್ಸವ ಮತ್ತು ಸಮುದಾಯ ಪುರಾತತ್ತ್ವ: ಒಂದು ಜಾನಪದೀಯ ವಿವೇಚನೆ

ವಿಜಯನಗರದ ಚರಿತ್ರೆಯನ್ನು ರಚಿಸಿದ ವಿದ್ವಾಂಸರು ಮುಖ್ಯವಾಗಿ ನಾಲ್ಕು ಬಗೆಯ ಆಕರಗಳನ್ನು ಬಳಸಿಕೊಂಡಿದ್ದಾರೆ. ಶಾಸನಗಳು, ಸಾಹಿತ್ಯ ಕೃತಿಗಳು, ವಿದೇಶಿ ಪ್ರವಾಸಿಗರ ಬರಹಗಳು ಹಾಗೂ ನೆಲದ ಮೇಲೆ ಉಳಿದಿರುವ ಮತ್ತು ಉತ್ಖನನದಿಂದ ದೊರೆತ ಅವಶೇಷಗಳೇ ಆ ಆಕರಗಳು. ಇವುಗಳ ಜೊತೆಗೆ ಐದನೆಯ ಆಕರವೊಂದು ಹಂಪಿಯಲ್ಲಿ ಇಂದಿಗೂ ಜೀವಂತವಾಗಿದೆ. ಅದು ಆ ನೆಲದಲ್ಲಿ ವರ್ಷವರ್ಷವೂ ನಡೆದುಬಂದಿರುವ ಜಾತ್ರೆ, ತೇರು, ಪಲ್ಲಕ್ಕಿ, ಬನ್ನಿ ಮುಂತಾದ ಆಚರಣೆಗಳ ಪರಂಪರೆ. ಜಾನಪದ ಅಧ್ಯಯನಕಾರರು ಇದನ್ನು ಧಾರ್ಮಿಕ ಆಚರಣೆಯೆಂದು ದಾಖಲಿಸಿದ್ದಾರೆ. ಪುರಾತತ್ತ್ವಜ್ಞರು ಸ್ಮಾರಕದ ಹಿನ್ನೆಲೆಯೆಂದು ಗಮನಿಸಿದ್ದಾರೆ. ಆದರೆ ಈ ಎರಡು ಶಿಸ್ತುಗಳು ಒಂದೆಡೆ ಕೂಡಿ ಇದನ್ನು ಪರಿಶೀಲಿಸಿದ್ದು ವಿರಳ. ಹಂಪಿಯ ಜಾತ್ರೆ ಉತ್ಸವಗಳನ್ನು ಸಮುದಾಯ ಪುರಾತತ್ತ್ವದ ದೃಷ್ಟಿಯಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ.

ಸಮುದಾಯ ಪುರಾತತ್ತ್ವವೆಂದರೆ ಒಂದು ಪ್ರಾಚೀನ ನೆಲೆಯ ಶೋಧನೆ, ಅರ್ಥನಿರೂಪಣೆ ಮತ್ತು ರಕ್ಷಣೆಗಳಲ್ಲಿ ಅಲ್ಲಿಯ ಜನರನ್ನು ಪಾಲುದಾರರನ್ನಾಗಿ ಮಾಡಿಕೊಳ್ಳುವ ಕ್ರಮ. ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಇಂಗ್ಲೆಂಡ್, ಆಸ್ಟ್ರೇಲಿಯ ಮುಂತಾದ ದೇಶಗಳಲ್ಲಿ ಈ ಪರಿಕಲ್ಪನೆ ಬೆಳೆಯಿತು. ಇಂಗ್ಲೆಂಡಿನ ಪ್ರಾಚೀನ ನಗರವಾದ ಯಾರ್ಕ್ ಇದಕ್ಕೆ ಹತ್ತಿರದ ನಿದರ್ಶನವಾಗಿದೆ. ಅಲ್ಲಿಯ ಕಾಪರ್‌ಗೇಟ್ ಎಂಬಲ್ಲಿ 1976ರಿಂದ 1981ರವರೆಗೆ ನಡೆದ ಉತ್ಖನನದಲ್ಲಿ ವೈಕಿಂಗ್ ಕಾಲದ ಮನೆ, ಕಾರ್ಖಾನೆ, ಬೀದಿಗಳು ಬೆಳಕಿಗೆ ಬಂದವು. 1984ರಲ್ಲಿ ಅದೇ ಸ್ಥಳದಲ್ಲಿ ಯಾರ್ವಿಕ್ ವೈಕಿಂಗ್ ಕೇಂದ್ರವು ಆರಂಭಗೊಂಡಿತು. ಮುಂದೆ ಆ ನಗರದಲ್ಲಿ ಉತ್ಖನನದ ಫಲಿತಗಳನ್ನು ಆಧರಿಸಿದ ಉತ್ಸವವೊಂದು ರೂಢಿಗೆ ಬಂದಿತು. ಅಲ್ಲಿ ಮೊದಲು ಅಗೆತ, ಅನಂತರ ಉತ್ಸವ. ಮರೆತುಹೋದ ಊರೊಂದನ್ನು ಜನರಿಗೆ ಪರಿಚಯಿಸಲು ಉತ್ಸವವನ್ನು ಹೊಸದಾಗಿ ಕಟ್ಟಬೇಕಾಯಿತು. ಹಂಪಿಯ ಸ್ಥಿತಿ ಇದಕ್ಕೆ ತದ್ವಿರುದ್ಧವಾದುದು. ಇಲ್ಲಿ ಅಗೆತಕ್ಕಿಂತ ಬಹಳ ಹಿಂದಿನಿಂದಲೂ ಉತ್ಸವಗಳು ಇದ್ದವು. ಆದ್ದರಿಂದ ಹೊರಗಿನ ಮಾದರಿಯನ್ನು ಯಥಾವತ್ತಾಗಿ ತರುವುದಕ್ಕಿಂತ, ಇರುವ ಉತ್ಸವಗಳಲ್ಲಿ ಅಡಗಿರುವ ಜ್ಞಾನವನ್ನು ಗುರುತಿಸುವುದು ನಮ್ಮ ಮೊದಲ ಕೆಲಸವಾಗಬೇಕಾಗಿದೆ.

ಅಧ್ಯಯನದ ಹಾದಿ

ಹಂಪಿಯ ಅವಶೇಷಗಳ ಆಧುನಿಕ ದಾಖಲಾತಿಯು ಕಾಲಿನ್ ಮೆಕೆಂಜಿಯಿಂದ ಮೊದಲ್ಗೊಳ್ಳುತ್ತದೆ. ಆತನು 1799ರಲ್ಲಿ ಈ ಪ್ರದೇಶವನ್ನು ಸಮೀಕ್ಷಿಸಿ ನಕ್ಷೆ ಸಿದ್ಧಪಡಿಸಿದನು. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಇಲ್ಲಿಯ ಕಟ್ಟಡಗಳ ಛಾಯಾಚಿತ್ರಗಳನ್ನು ತೆಗೆದನು. 1900ರಲ್ಲಿ ಪ್ರಕಟವಾದ ರಾಬರ್ಟ್ ಸೀವೆಲ್‌ನ ಗ್ರಂಥವು ಪೋರ್ಚುಗೀಸ್ ಪ್ರವಾಸಿಗರಾದ ಡೊಮಿಂಗೊ ಪಾಯೆಸ್ ಮತ್ತು ಫೆರ್ನಾವೊ ನುನಿಜ್ ಅವರ ಬರಹಗಳನ್ನು ಇಂಗ್ಲಿಷ್ ಓದುಗರಿಗೆ ಒದಗಿಸಿತು. 1917ರಲ್ಲಿ ಲಾಂಗ್‌ಹರ್ಸ್ಟ್‌ನ ಸ್ಮಾರಕ ಪರಿಚಯ ಗ್ರಂಥವು ಹೊರಬಂದಿತು. 1970ರ ದಶಕದಲ್ಲಿ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆ ಹಾಗೂ ರಾಜ್ಯದ ಪುರಾತತ್ತ್ವ ಇಲಾಖೆಗಳು ವ್ಯಾಪಕವಾದ ಉತ್ಖನನವನ್ನು ಕೈಗೊಂಡವು. 1980ರಿಂದ ಜಾನ್ ಫ್ರಿಟ್ಜ್ ಮತ್ತು ಜಾರ್ಜ್ ಮಿಷೆಲ್ ಅವರು ಡಾ. ಎಂ.ಎಸ್. ನಾಗರಾಜರಾವ್ ಅವರ ಸಹಯೋಗದಲ್ಲಿ ನಗರದ ಕೇಂದ್ರಭಾಗದ ಕಟ್ಟಡಗಳನ್ನು ಒಂದೊಂದಾಗಿ ಗುರುತಿಸಿ ನಕ್ಷೆಗೆ ತಂದರು. ಅದೇ ದಶಕದ ಕೊನೆಯಲ್ಲಿ ಕಾರ್ಲಾ ಸಿನೊಪೊಲಿ ಮತ್ತು ಕ್ಯಾಥ್ಲೀನ್ ಮಾರಿಸನ್ ಅವರು ನಗರದ ಸುತ್ತಣ ಹೊಲ, ಕೆರೆ, ಕಾಲುವೆ, ಹಳ್ಳಿಗಳ ಸಮೀಕ್ಷೆಗೆ ತೊಡಗಿದರು. 1991ರಲ್ಲಿ ಸ್ಥಾಪನೆಗೊಂಡ ಕನ್ನಡ ವಿಶ್ವವಿದ್ಯಾಲಯವು ಚರಿತ್ರೆ, ಪುರಾತತ್ತ್ವ, ಜಾನಪದಗಳ ಅಧ್ಯಯನಕ್ಕೆ ಹಂಪಿಯ ನೆರೆಯಲ್ಲೇ ನೆಲೆ ಒದಗಿಸಿತು.

ಎರಡು ಶತಮಾನಗಳ ಈ ಶ್ರಮದ ಫಲವಾಗಿ ವಿಜಯನಗರವು ಇಂದು ಚೆನ್ನಾಗಿ ಅಭ್ಯಸಿತವಾದ ಮಧ್ಯಕಾಲೀನ ನಗರಗಳಲ್ಲಿ ಒಂದಾಗಿದೆ. ಆದರೂ ಈ ದಾಖಲೆಗಳಲ್ಲಿ ಸ್ಥಳೀಯ ಜನರು ದಾರಿ ತೋರಿಸುವವರಾಗಿ, ಅಗೆಯುವ ಕೂಲಿಗಳಾಗಿ, ದಂತಕಥೆ ಹೇಳುವವರಾಗಿ ಮಾತ್ರ ಬಂದುಹೋಗುತ್ತಾರೆ. ಗುಡ್ಡ, ಗವಿ, ತೂಬು, ಮಂಟಪಗಳನ್ನು ಸಂಶೋಧಕರಿಗೆ ತೋರಿಸಿಕೊಟ್ಟ ದನಗಾಹಿಗಳ, ರೈತರ ಹೆಸರುಗಳು ಎಲ್ಲಿಯೂ ಉಳಿದಿಲ್ಲ.

ಸ್ಥಳನಾಮ ಮತ್ತು ಐತಿಹ್ಯ

ಹಂಪಿಯಲ್ಲಿ ಅಡ್ಡಾಡಿದವರಿಗೆ ಸಾಸಿವೆಕಾಳು ಗಣೇಶ, ಕಡಲೆಕಾಳು ಗಣೇಶ, ಬಡವಿಲಿಂಗ, ಎದುರು ಬಸವಣ್ಣ, ಉದ್ದಾನ ವೀರಭದ್ರ, ಅಕ್ಕ-ತಂಗಿ ಗುಡ್ಡ, ರಾಜರ ತುಲಾಭಾರ ಮುಂತಾದ ಹೆಸರುಗಳು ಪರಿಚಿತವಾಗಿವೆ. ಇವುಗಳಲ್ಲಿ ಬಹುಪಾಲು ಶಾಸನೋಕ್ತವಲ್ಲ. ಏಕಶಿಲೆಯಲ್ಲಿ ಕಡೆದ ಬೃಹತ್ ಗಣೇಶನ ಮೂರ್ತಿಗಳಿಗೆ ಸಾಸಿವೆ, ಕಡಲೆಗಳ ಹೆಸರಿಟ್ಟ ಜನಮನವು ದೊಡ್ಡದನ್ನು ತನ್ನ ಅಡುಗೆಮನೆಯ ಅಳತೆಗೆ ಇಳಿಸಿಕೊಂಡಿದೆ. ಜಲದಲ್ಲಿ ನಿಂತ ಬೃಹತ್ ಲಿಂಗವನ್ನು ಬಡ ಹೆಂಗಸೊಬ್ಬಳು ಮಾಡಿಸಿದಳೆಂಬ ಐತಿಹ್ಯವು ಅರಸರ ನಗರದಲ್ಲಿ ಬಡವರಿಗೂ ಒಂದು ಪಾಲನ್ನು ಕಲ್ಪಿಸಿದೆ. ಇಂತಹ ಹೆಸರುಗಳನ್ನು ಚಾರಿತ್ರಿಕ ಸತ್ಯವೆಂದು ಒಪ್ಪಬೇಕಾಗಿಲ್ಲ. ರಾಣಿಯ ಸ್ನಾನಗೃಹ, ಕಮಲ ಮಹಲ್ ಮುಂತಾದ ಹೆಸರುಗಳು ಆ ಕಟ್ಟಡಗಳ ಮೂಲ ಬಳಕೆಯನ್ನು ಸೂಚಿಸುವುದಿಲ್ಲವೆಂದು ಪುರಾತತ್ತ್ವಜ್ಞರು ಎಚ್ಚರಿಸಿರುವುದು ಸರಿಯಾಗಿಯೇ ಇದೆ.

ಆದರೆ ಎಲ್ಲ ಹೆಸರುಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಹಜಾರ ರಾಮ ದೇವಾಲಯದ ಕಡೆಯಿಂದ ಸಾಗುವ ಬೀದಿಯನ್ನು ಪಾನ್ ಸುಪಾರಿ ಬಜಾರ್ ಎನ್ನುತ್ತಾರೆ. ಎರಡನೆಯ ದೇವರಾಯನ ಕ್ರಿ.ಶ. 1426ರ ಶಾಸನವು ಆತನು ಪಾರ್ಶ್ವನಾಥ ಚೈತ್ಯಾಲಯವನ್ನು ಕಟ್ಟಿಸಿದುದನ್ನು ತಿಳಿಸುತ್ತ, ಆ ಸ್ಥಳವನ್ನು ಅಡಿಕೆ-ಎಲೆಗಳ ಅಂಗಡಿಬೀದಿಯೆಂದು ಕರೆದಿದೆ. ಸಂಸ್ಕೃತ ಶಾಸನದ ಪದವೂ ಬಳಕೆಯ ಹೆಸರೂ ಒಂದೇ ಸಂಗತಿಯನ್ನು ಹೇಳುತ್ತಿರುವುದು ಇಲ್ಲಿ ಗಮನಾರ್ಹ. ಯಾವ ಹೆಸರು ಹಳೆಯದು, ಯಾವುದು ಪ್ರವಾಸಿಗರ ಕಾಲದಲ್ಲಿ ಹುಟ್ಟಿದ್ದು ಎಂಬುದನ್ನು ಒಂದೊಂದಾಗಿ ಪರೀಕ್ಷಿಸಿಯೇ ನಿರ್ಧರಿಸಬೇಕಾಗುತ್ತದೆ.

ಇದಕ್ಕಿಂತಲೂ ಕುತೂಹಲಕರವಾದುದು ನಿಂಬಾಪುರದ ಬೂದಿದಿಬ್ಬ. ಹಂಪಿ ಪರಿಸರವು ರಾಮಾಯಣದ ಕಿಷ್ಕಿಂಧೆಯೆಂಬ ನಂಬಿಕೆ ಜನರಲ್ಲಿ ಆಳವಾಗಿ ಬೇರೂರಿದೆ. ಮಾತಂಗ, ಋಷ್ಯಮೂಕ, ಮಾಲ್ಯವಂತ, ಅಂಜನಾದ್ರಿ, ಸುಗ್ರೀವನ ಗವಿ, ಸೀತೆಯ ಸೆರಗು ಇವೆಲ್ಲವೂ ಈ ನಂಬಿಕೆಯ ಗುರುತುಗಳಾಗಿವೆ. ನಿಂಬಾಪುರದ ಬಳಿಯ ಬೂದಿಯ ಗುಪ್ಪೆಯನ್ನು ವಾಲಿಯನ್ನು ಸುಟ್ಟ ಜಾಗವೆಂದು ಜನ ಹೇಳುತ್ತ ಬಂದಿದ್ದಾರೆ. ಪುರಾತತ್ತ್ವಜ್ಞರು ಇದನ್ನು ಬಳ್ಳಾರಿ ಸೀಮೆಯ ಬೂದಿದಿಬ್ಬಗಳ ಸಾಲಿನಲ್ಲಿ ಎಣಿಸಿದ್ದಾರೆ. ಬೂದಿದಿಬ್ಬಗಳು ನವಶಿಲಾಯುಗದ ದನಗಾಹಿಗಳು ದನದ ಸಗಣಿಯನ್ನು ಸುಟ್ಟಿದ್ದರಿಂದ ಉಂಟಾದವು ಎಂಬುದು ಈಗ ಒಪ್ಪಿತ ವಿಚಾರ. ರೇಮಂಡ್ ಆಲ್ಚಿನ್ ಅವರು 1963ರ ತಮ್ಮ ಗ್ರಂಥದಲ್ಲಿ ಈ ಸುಡುವಿಕೆಗೂ ಹೋಳಿ, ದೀಪಾವಳಿ, ಸಂಕ್ರಾಂತಿಗಳಲ್ಲಿ ಬೆಂಕಿ ಹಾಕುವ, ದನಗಳನ್ನು ಕಿಚ್ಚು ಹಾಯಿಸುವ ಆಚರಣೆಗಳಿಗೂ ಸಂಬಂಧವಿರಬಹುದೆಂದು ಸೂಚಿಸಿದರು. ಈ ಸೂಚನೆಯನ್ನು ಎಲ್ಲ ವಿದ್ವಾಂಸರೂ ಒಪ್ಪಿಲ್ಲ. ಆದರೆ ಪುರಾತತ್ತ್ವಜ್ಞನೊಬ್ಬ ತನ್ನ ಪ್ರಶ್ನೆಗೆ ಉತ್ತರವನ್ನು ಹಬ್ಬದಲ್ಲಿ ಹುಡುಕಿದ್ದು ವಿಧಾನದ ದೃಷ್ಟಿಯಿಂದ ಮಹತ್ವದ್ದು. ಜನರ ಐತಿಹ್ಯವು ಕಾಲವನ್ನು ತಪ್ಪಾಗಿ ಹೇಳಿದರೂ ಆ ಗುಪ್ಪೆಯು ಸಹಜವಾದ ಮಣ್ಣಲ್ಲ, ಬೆಂಕಿಯಿಂದ ಆದ ಬೂದಿ ಎಂಬ ಅರಿವನ್ನು ಕಾಪಾಡಿಕೊಂಡಿದೆ ಎಂಬುದನ್ನು ಮರೆಯಲಾಗದು.

ರಥಬೀದಿಯ ಸಾಕ್ಷ್ಯ

ವಿರೂಪಾಕ್ಷ ದೇವಾಲಯದ ಎದುರಿನಿಂದ ಪೂರ್ವಕ್ಕೆ, ಎದುರು ಬಸವಣ್ಣನವರೆಗೆ ಸುಮಾರು ಮುಕ್ಕಾಲು ಕಿಲೋಮೀಟರ್ ಉದ್ದದ ರಥಬೀದಿಯಿದೆ. ಪಂಪಾ ವಿರೂಪಾಕ್ಷರ ಫಲಪೂಜೆ ಚಳಿಗಾಲದಲ್ಲಿ ನಡೆದರೆ, ಕಲ್ಯಾಣೋತ್ಸವ ಮತ್ತು ಮಹಾರಥೋತ್ಸವಗಳು ಚೈತ್ರದಲ್ಲಿ ನಡೆಯುತ್ತವೆ. ಫಲಪೂಜೆಯು ನಿಶ್ಚಿತಾರ್ಥ, ಕಲ್ಯಾಣೋತ್ಸವವು ಮದುವೆ. ಪಂಪೆಯು ಮೂಲತಃ ಈ ನದೀತೀರದ ಸ್ಥಳೀಯ ದೇವತೆಯಾಗಿದ್ದು, ವಿರೂಪಾಕ್ಷನೊಂದಿಗಿನ ವಿವಾಹದ ಮೂಲಕ ಶೈವ ಸಂಪ್ರದಾಯಕ್ಕೆ ಸೇರಿದಳೆಂದು ಅನಿಲಾ ವರ್ಗೀಸ್ ಅವರು 1995ರ ತಮ್ಮ ಅಧ್ಯಯನದಲ್ಲಿ ವಿವೇಚಿಸಿದ್ದಾರೆ. ಹಂಪೆಯ ಹರಿಹರ ಕವಿ ಗಿರಿಜೆಯ ಕಲ್ಯಾಣವನ್ನೇ ಕಾವ್ಯವಸ್ತುವಾಗಿ ಆರಿಸಿಕೊಂಡದ್ದನ್ನು ಈ ಹಿನ್ನೆಲೆಯಲ್ಲಿ ನೆನೆಯಬಹುದು. ಧಾರ್ಮಿಕ ಚರಿತ್ರೆಯ ಒಂದು ದೀರ್ಘ ಪ್ರಕ್ರಿಯೆಯನ್ನು ಜನರು ಮದುವೆಯ ರೂಪದಲ್ಲಿ ವರ್ಷವೂ ಮರುನಡೆಸುತ್ತಿದ್ದಾರೆ.

ಹಂಪಿಯಲ್ಲಿ ರಥಬೀದಿಗಳು ಇನ್ನೂ ಇವೆ. ವಿಠಲ, ಅಚ್ಯುತರಾಯ, ಕೃಷ್ಣ ದೇವಾಲಯಗಳ ಎದುರೂ ಸಾಲುಮಂಟಪಗಳಿಂದ ಕೂಡಿದ ಅಗಲವಾದ ಬೀದಿಗಳಿವೆ. ಅವುಗಳಲ್ಲಿ ಪೂಜೆ ನಿಂತು ತೇರು ನಿಂತುಹೋಗಿದೆ. ಪುರಾತತ್ತ್ವಜ್ಞರು ಅವುಗಳ ಉದ್ದ ಅಗಲಗಳನ್ನು ಅಳೆದಿದ್ದಾರೆ. ಆದರೆ ತೇರು ಎಲ್ಲಿ ನಿಲ್ಲುತ್ತದೆ, ಎಲ್ಲಿ ತಿರುಗುತ್ತದೆ, ಜನ ಯಾವ ಬದಿಗೆ ಸರಿಯುತ್ತಾರೆ, ಮಂಟಪಗಳ ಜಗಲಿ ಯಾರಿಗೆ ಆಸರೆಯಾಗುತ್ತದೆ ಎಂಬುದನ್ನು ತಿಳಿಯಲು ವಿರೂಪಾಕ್ಷನ ರಥಬೀದಿಗೇ ಬರಬೇಕು. ಮಿಣಿ ಹಿಡಿದು ಎಳೆಯುವವರು, ಗಾಲಿಗೆ ಮರದ ತುಂಡು ಕೊಟ್ಟು ತೇರಿನ ದಿಕ್ಕು ತಿದ್ದುವವರು, ತೇರನ್ನು ಕಟ್ಟುವ ಬಡಗಿಗಳು ಇವರ ಕೈಯಲ್ಲಿರುವ ಜ್ಞಾನವು ಯಾವ ಶಾಸನದಲ್ಲಿಯೂ ಬರೆದಿಲ್ಲ. ಸತ್ತ ಬೀದಿಗಳನ್ನು ಅರ್ಥಮಾಡಿಕೊಳ್ಳಲು ಬದುಕಿರುವ ಬೀದಿಯೊಂದು ಕೀಲಿಕೈಯಾಗಬಲ್ಲದು.

ಮಹಾನವಮಿ ದಿಬ್ಬದಿಂದ ಧರ್ಮದಗುಡ್ಡಕ್ಕೆ

ವಿಜಯನಗರದ ಅರಸರ ಮುಖ್ಯ ಉತ್ಸವ ಮಹಾನವಮಿ. ಕೃಷ್ಣದೇವರಾಯನ ಕಾಲದಲ್ಲಿ ಬಂದ ಪಾಯೆಸ್‌ನು ಒಂಬತ್ತು ದಿನಗಳ ಪೂಜೆ, ಆನೆ ಕುದುರೆಗಳ ಮೆರವಣಿಗೆ, ಕುಸ್ತಿ, ನೃತ್ಯ, ಬಾಣಬಿರುಸು, ಸೈನ್ಯದ ಪರಿಶೀಲನೆಗಳನ್ನು ವಿವರವಾಗಿ ದಾಖಲಿಸಿದ್ದಾನೆ. ಆತನು ಹೇಳುವ ವಿಜಯಗೃಹವನ್ನು ಮಹಾನವಮಿ ದಿಬ್ಬದೊಂದಿಗೆ ಸಾಮಾನ್ಯವಾಗಿ ಗುರುತಿಸಲಾಗಿದೆ. ದಿಬ್ಬದ ಕೆಳಭಾಗದ ಕಲ್ಲುಗಳಲ್ಲೂ ಹಜಾರ ರಾಮ ದೇವಾಲಯದ ಹೊರಪ್ರಾಕಾರದಲ್ಲೂ ಇರುವ ಆನೆ, ಕುದುರೆ, ಯೋಧ, ನರ್ತಕಿಯರ ಸಾಲುಗಳನ್ನು ವಿದ್ವಾಂಸರು ಈ ಉತ್ಸವದ ಚಿತ್ರಣವೆಂದು ಓದಿದ್ದಾರೆ. ಕ್ರಿ.ಶ. 1565ರ ಯುದ್ಧದ ನಂತರ ರಾಜಧಾನಿ ಪಾಳುಬಿದ್ದಿತು. ಅರಸರ ಮಹಾನವಮಿಯ ಪರಂಪರೆಯನ್ನು 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ಮುಂದುವರಿಸಿದರು. ಅದೇ ಮುಂದೆ ಮೈಸೂರು ದಸರೆಯಾಯಿತು. ಚರಿತ್ರೆಯ ಪುಸ್ತಕಗಳಲ್ಲಿ ಮಹಾನವಮಿಯ ಕಥೆ ಹೀಗೆ ಹಂಪಿಯನ್ನು ಬಿಟ್ಟು ದಕ್ಷಿಣಕ್ಕೆ ಹೊರಟುಬಿಡುತ್ತದೆ.

ಆದರೆ ಹಂಪಿಯ ಪರಿಸರದಲ್ಲಿ ವಿಜಯದಶಮಿ ನಿಂತಿಲ್ಲ. ಹೊಸಪೇಟೆಯ ಏಳು ಕೇರಿಗಳ ಶಕ್ತಿದೇವತೆಗಳು ಅಂದು ಪಲ್ಲಕ್ಕಿಗಳಲ್ಲಿ ಹೊರಟು ನಾಗೇನಹಳ್ಳಿಯ ಸಮೀಪದ ಧರ್ಮದಗುಡ್ಡದಲ್ಲಿ ಕೂಡುತ್ತವೆ. ಅಲ್ಲಿ ಬನ್ನಿ ಮುಡಿಯುವ ಕಾರ್ಯ ನೆರವೇರುತ್ತದೆ. ಅರಸನಿಲ್ಲದ ಈ ಮಹಾನವಮಿಯಲ್ಲಿ ಕೇರಿಗಳೇ ಪಾತ್ರಧಾರಿಗಳು. ಸೀಮೆಯ ಶಕ್ತಿಗಳೆಲ್ಲ ಒಂದೆಡೆ ಕೂಡಿ ಮತ್ತೆ ತಮ್ಮತಮ್ಮ ನೆಲೆಗಳಿಗೆ ಮರಳುವ ಕ್ರಮವು ಅರಮನೆಯ ಉತ್ಸವದಲ್ಲೂ ಇತ್ತು. ಅಲ್ಲಿ ದಂಡನಾಯಕರೂ ಸಾಮಂತರೂ ಬಂದು ಸೇರುತ್ತಿದ್ದರು. ಈ ಎರಡರ ನಡುವೆ ನೇರವಾದ ವಂಶಾವಳಿಯನ್ನು ಕಲ್ಪಿಸುವುದು ಅವಸರದ ತೀರ್ಮಾನವಾದೀತು. ಅರಮನೆಯು ಜನರ ಬನ್ನಿಹಬ್ಬವನ್ನು ದೊಡ್ಡದಾಗಿಸಿತೋ, ಜನರು ಅರಮನೆಯ ಹಬ್ಬವನ್ನು ತಮ್ಮದಾಗಿಸಿಕೊಂಡರೋ ಎಂಬ ಪ್ರಶ್ನೆಯಂತೂ ಉಳಿಯುತ್ತದೆ. ಪಲ್ಲಕ್ಕಿಗಳು ಸಾಗುವ ದಾರಿ, ತಂಗುವ ಕಟ್ಟೆ, ಸರದಿಯ ಕ್ರಮ ಇವುಗಳನ್ನು ನಗರದ ಹಳೆಯ ದಾರಿಗಳ, ಕೋಟೆಬಾಗಿಲುಗಳ ನಕ್ಷೆಯ ಮೇಲೆ ಇಟ್ಟು ನೋಡುವ ಕೆಲಸ ಆಗಬೇಕಾಗಿದೆ.

ಕಾಲುವೆ ಮತ್ತು ಹರಿಗೋಲು

ಉತ್ಸವಗಳ ಹಾಗೆಯೇ ನಿತ್ಯದ ದುಡಿಮೆಯಲ್ಲಿಯೂ ವಿಜಯನಗರ ಉಳಿದುಕೊಂಡಿದೆ. ತುರುತ್ತು ಕಾಲುವೆಯೇ ಮೊದಲಾದ ವಿಜಯನಗರ ಕಾಲದ ಕಾಲುವೆಗಳು ಇಂದಿಗೂ ಬಾಳೆ, ಕಬ್ಬು, ಭತ್ತದ ಗದ್ದೆಗಳಿಗೆ ನೀರುಣಿಸುತ್ತಿವೆ. ಡೇವಿಸನ್-ಜೆಂಕಿನ್ಸ್ ಅವರ 1997ರ ಗ್ರಂಥವು ಈ ನೀರಿನ ವ್ಯವಸ್ಥೆಯ ರಚನೆಯನ್ನು ವಿವರಿಸಿದೆ. ಆದರೆ ಯಾವ ತೂಬನ್ನು ಯಾವಾಗ ತೆರೆಯಬೇಕು, ಯಾರ ಪಾಳಿ ಯಾವುದು ಎಂಬುದು ನೀರುಗಂಟಿಗಳ ಮತ್ತು ರೈತರ ಅನುಭವಕ್ಕೆ ಸೇರಿದ ವಿಷಯ. ಅದೇ ರೀತಿ ಪಾಯೆಸ್‌ನು ಆನೆಗೊಂದಿಯ ಕಡೆಗೆ ಜನ ದಾಟುತ್ತಿದ್ದ ಬುಟ್ಟಿಯಾಕಾರದ ದೋಣಿಗಳನ್ನು ವರ್ಣಿಸಿದ್ದಾನೆ. ಒಳಗೆ ಬೆತ್ತದ ಹೆಣಿಗೆ, ಹೊರಗೆ ಚರ್ಮದ ಹೊದಿಕೆ, ಹದಿನೈದು ಇಪ್ಪತ್ತು ಜನ ಹಿಡಿಸುವಷ್ಟು ಅಗಲ. ಅವು ಹರಿಗೋಲುಗಳೇ. ಚರ್ಮದ ಹೊದಿಕೆ ಹೋಗಿದೆ. ಹೆಣಿಗೆಯ ವಿದ್ಯೆ ಉಳಿದಿದೆ. ಐದು ಶತಮಾನಗಳ ಹಿಂದಿನ ಬರಹವೊಂದನ್ನು ಜೀವಂತ ವಸ್ತುವಿನೊಂದಿಗೆ ಹೋಲಿಸಿ ನೋಡುವ ಅವಕಾಶವನ್ನು ಹರಿಗೋಲು ಹೆಣೆಯುವವರು ಒದಗಿಸಿದ್ದಾರೆ.

ಹಂಪಿ ಉತ್ಸವ ಮತ್ತು 2011ರ ತೆರವು

1980ರ ದಶಕದಲ್ಲಿ ಎಂ.ಪಿ. ಪ್ರಕಾಶ್ ಅವರ ಆಸಕ್ತಿಯಿಂದ ಹಂಪಿ ಉತ್ಸವವು ಸರ್ಕಾರದ ವತಿಯಿಂದ ಆರಂಭವಾಯಿತು. ಅನೇಕ ವರ್ಷಗಳ ಕಾಲ ನವೆಂಬರ್ ಮೊದಲ ವಾರದಲ್ಲಿ ನಡೆದು, ಈಚಿನ ವರ್ಷಗಳಲ್ಲಿ ಬೇರೆ ಬೇರೆ ತಿಂಗಳುಗಳಲ್ಲಿ ನಡೆದಿದೆ. ಸಂಗೀತ, ನೃತ್ಯ, ಜಾನಪದ ಕಲಾತಂಡಗಳ ಮೆರವಣಿಗೆ ಅದರ ಆಕರ್ಷಣೆಗಳು. ನಾಡಿನ ಜನರು ಹಂಪಿಯನ್ನು ಅಭಿಮಾನದಿಂದ ನೋಡುವಂತೆ ಮಾಡುವಲ್ಲಿ ಈ ಉತ್ಸವದ ಪಾತ್ರ ದೊಡ್ಡದು. ಡೊಳ್ಳು, ವೀರಗಾಸೆ, ತಾಷಾ ವಾದ್ಯದ ಕಲಾವಿದರಿಗೆ ವೇದಿಕೆಯೂ ಗೌರವಧನವೂ ದೊರೆತಿವೆ. ಆದರೂ ಇಲ್ಲಿಯ ಸುತ್ತಲಿನ ಹಳ್ಳಿಗಳ ಜನರು ಮುಖ್ಯವಾಗಿ ಪ್ರೇಕ್ಷಕರು. ಸ್ಮಾರಕವು ವೇದಿಕೆಯ ಹಿನ್ನೆಲೆ. ಆ ನೆಲವನ್ನು ಕುರಿತು ಅವರಿಗೆ ತಿಳಿದಿರುವುದನ್ನು ಹೇಳಲು ಅಲ್ಲಿ ಸ್ಥಳವಿಲ್ಲ.

ಹಂಪಿಯ ಸ್ಮಾರಕ ಸಮೂಹವು 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಆನೆಗೊಂದಿಯ ಬಳಿಯ ಸೇತುವೆ ನಿರ್ಮಾಣವೇ ಮೊದಲಾದ ಕಾರಣಗಳಿಂದ 1999ರಲ್ಲಿ ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಸೇರಿ, 2006ರಲ್ಲಿ ಅದರಿಂದ ಹೊರಬಂದಿತು. ಈ ನಡುವೆ ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರದ ಅಧಿನಿಯಮವು 2002ರಲ್ಲಿ ರೂಪುಗೊಂಡಿತು. 29 ಗ್ರಾಮಗಳು ಅದರ ವ್ಯಾಪ್ತಿಗೆ ಬಂದವು. 2011ರ ಜುಲೈ ಕೊನೆಯಲ್ಲಿ ವಿರೂಪಾಕ್ಷ ರಥಬೀದಿಯ ಸಾಲುಮಂಟಪಗಳಲ್ಲಿಯೂ ಅವುಗಳ ಆಸುಪಾಸಿನಲ್ಲಿಯೂ ಇದ್ದ ಅಂಗಡಿ, ಮನೆಗಳನ್ನು ತೆರವುಗೊಳಿಸಲಾಯಿತು. ಸ್ಥಳಾಂತರಗೊಂಡವರಿಗೆ ಕಡ್ಡಿರಾಂಪುರದಲ್ಲಿ ನಿವೇಶನ ನೀಡಲಾಯಿತು. 2020ರಲ್ಲಿ ನದಿಯಾಚೆಯ ವಿರೂಪಾಪುರ ಗಡ್ಡೆಯ ತಂಗುಮನೆಗಳೂ ನ್ಯಾಯಾಲಯದ ಆದೇಶದಂತೆ ತೆರವಾದವು.

ಈ ಎರಡು ಪ್ರಕರಣಗಳು ಒಂದೇ ಬಗೆಯವಲ್ಲ. ಗಡ್ಡೆಯಲ್ಲಿ ಬೆಳೆದದ್ದು ಪ್ರವಾಸೋದ್ಯಮದ ಹೊಸ ಕಟ್ಟಡಗಳು. ರಥಬೀದಿಯ ಪ್ರಶ್ನೆ ಹೆಚ್ಚು ಜಟಿಲವಾದುದು. ಅಲ್ಲಿಯ ಮಂಟಪಗಳಿಗೆ ಗೋಡೆ ಕಟ್ಟಿ, ಸಿಮೆಂಟು ಬಳಿದು ಹಾನಿ ಮಾಡಿದ್ದು ನಿಜ. ಅಲ್ಲಿದ್ದವರೆಲ್ಲ ವಿಜಯನಗರ ಕಾಲದವರ ಸಂತತಿಯೆಂದು ಹೇಳಲೂ ಬರುವುದಿಲ್ಲ. ಎಷ್ಟೋ ಕುಟುಂಬಗಳು ಈಚಿನ ದಶಕಗಳಲ್ಲಿ ಬಂದು ನೆಲೆಸಿದ್ದವು. ಆದರೆ ಇದೇ ಬೀದಿಯನ್ನು ಕುರಿತು ಪಾಯೆಸ್‌ನು ಬರೆದಿರುವುದನ್ನು ಗಮನಿಸಬೇಕು. ದೇವಾಲಯದ ಪೂರ್ವ ಬಾಗಿಲಿನ ಎದುರಿನ ಬೀದಿಯಲ್ಲಿ ಮೊಗಸಾಲೆಗಳುಳ್ಳ ಸುಂದರವಾದ ಮನೆಗಳಿದ್ದವು. ಯಾತ್ರಿಕರು ಅಲ್ಲಿ ತಂಗುತ್ತಿದ್ದರು. ಶ್ರೀಮಂತರಿಗೂ ಅಲ್ಲಿ ಬಿಡಾರಗಳಿದ್ದವು. ಅರಸನೇ ದೇವರ ದರ್ಶನಕ್ಕೆ ಬಂದಾಗ ಅದೇ ಬೀದಿಯಲ್ಲಿದ್ದ ತನ್ನ ಮನೆಯಲ್ಲಿ ಇಳಿದುಕೊಳ್ಳುತ್ತಿದ್ದನು. ಎಂದರೆ ಜನವಸತಿಯು ಈ ಬೀದಿಯ ಮೂಲ ಲಕ್ಷಣವೇ ಆಗಿತ್ತು. ಜನರಿಲ್ಲದ ರಥಬೀದಿಯು ಸ್ವಚ್ಛವಾಗಿ ಕಾಣಬಹುದು. ಆದರೆ ಅದು ಪಾಯೆಸ್ ಕಂಡ ಬೀದಿಗಿಂತ 1856ರಲ್ಲಿ ಗ್ರೀನ್‌ಲಾ ಚಿತ್ರಿಸಿದ ಪಾಳುನಗರಕ್ಕೇ ಹತ್ತಿರವಾಗಿದೆ. ರಕ್ಷಣೆಯ ಹೆಸರಿನಲ್ಲಿ ನಾವು ಯಾವ ಕಾಲದ ಹಂಪಿಯನ್ನು ರಕ್ಷಿಸುತ್ತಿದ್ದೇವೆ ಎಂಬುದು ಉತ್ತರಿಸಬೇಕಾದ ಪ್ರಶ್ನೆ.

ತೆರವಿನ ನಂತರದ ವರ್ಷಗಳಲ್ಲಿ ಕ್ಷೇತ್ರಕಾರ್ಯಕ್ಕೆ ಹೋದಾಗ, ರಥಬೀದಿಯಲ್ಲಿ ಹೂವು ಹಣ್ಣು ಮಾರಿ ಬದುಕಿದ್ದ ವೃದ್ಧೆಯೊಬ್ಬರು ತೇರಿನ ದಿನ ತಾವು ನಿಲ್ಲುತ್ತಿದ್ದ ಕಂಬವನ್ನು ನನಗೆ ತೋರಿಸಿದರು. ಯಾವ ಕಂಬದ ಬಳಿಗೆ ಬಂದಾಗ ತೇರು ನಿಲ್ಲುತ್ತದೆ, ಆಗ ಯಾರ ಮನೆಯಿಂದ ಆರತಿ ಬರುತ್ತಿತ್ತು ಎಂಬುದನ್ನು ಅವರು ಸಾಲಾಗಿ ಹೇಳಿದರು. ಆ ಮನೆಗಳು ಈಗ ಇಲ್ಲ. ನಾನು ಅಂದು ಬರೆದುಕೊಂಡದ್ದು ಅರ್ಧ ಪುಟ ಮಾತ್ರ. ಮುಂದಿನ ಬಾರಿ ಹೋದಾಗ ಅವರು ತೀರಿಕೊಂಡಿದ್ದರು. ಅಗೆತದಲ್ಲಿ ಒಂದು ಸ್ತರವನ್ನು ದಾಖಲಿಸದೆ ತೆಗೆದುಹಾಕಿದರೆ ಅದನ್ನು ಪುರಾತತ್ತ್ವದಲ್ಲಿ ದೊಡ್ಡ ತಪ್ಪೆಂದು ಎಣಿಸುತ್ತೇವೆ. ಇಪ್ಪತ್ತನೆಯ ಶತಮಾನದ ಹಂಪಿಯೆಂಬ ಸ್ತರವು ಹಾಗೆಯೇ ದಾಖಲೆಯಾಗದೆ ಹೋದದ್ದರಲ್ಲಿ ಜಾನಪದ ವಿದ್ವಾಂಸರಾದ ನಮ್ಮ ಪಾಲೂ ಇದೆ.

ಸಮಾರೋಪ

ಮೇಲಿನ ವಿವೇಚನೆಯಿಂದ ಕೆಲವು ಸಂಗತಿಗಳು ಸ್ಪಷ್ಟವಾಗುತ್ತವೆ. ಹಂಪಿಯ ಜಾತ್ರೆ, ಬನ್ನಿ, ಸ್ಥಳನಾಮ, ಕಸುಬುಗಳು ಪುರಾತತ್ತ್ವಕ್ಕೆ ಪೂರಕವಾದ ಆಕರಗಳು. ಅವುಗಳನ್ನು ಶಾಸನ, ಪ್ರವಾಸಿಗರ ಬರಹ, ನಕ್ಷೆಗಳೊಂದಿಗೆ ಹೋಲಿಸಿ, ಒಪ್ಪುವುದನ್ನು ಒಪ್ಪಿ, ಬಿಡುವುದನ್ನು ಬಿಡಬೇಕು. ಈ ಕೆಲಸಕ್ಕೆ ಜನರು ಕೇವಲ ಮಾಹಿತಿದಾರರಾದರೆ ಸಾಲದು, ಅವರು ಸಹಶೋಧಕರಾಗಬೇಕು.

ಹಂಪಿ ಉತ್ಸವದಲ್ಲಿಯೇ ಇದಕ್ಕೆ ಅವಕಾಶ ಕಲ್ಪಿಸಬಹುದು. ನೀರುಗಂಟಿಗಳು ಕಾಲುವೆಯ ಜಾಡಿನಲ್ಲಿ ಶಾಲಾಮಕ್ಕಳನ್ನು ಕರೆದೊಯ್ಯಬಹುದು. ಹರಿಗೋಲು ಹೆಣೆಯುವವರು, ತೇರು ಕಟ್ಟುವವರು ತಮ್ಮ ವಿದ್ಯೆಯನ್ನು ಪುರಾತತ್ತ್ವ ವಿದ್ಯಾರ್ಥಿಗಳ ಮುಂದೆ ವಿವರಿಸಬಹುದು. 29 ಗ್ರಾಮಗಳ ಹಿರಿಯರಿಂದ ಹೊಲ, ಗುಡ್ಡ, ಕಟ್ಟೆ, ದಾರಿಗಳ ಹೆಸರುಗಳನ್ನು ಸಂಗ್ರಹಿಸಿ ಊರೂರಿನ ನಕ್ಷೆಗಳನ್ನು ಸಿದ್ಧಪಡಿಸಿ ಅಲ್ಲಿಯ ಗ್ರಾಮಪಂಚಾಯಿತಿ, ಶಾಲೆಗಳಿಗೆ ನೀಡಬಹುದು. ಕಡ್ಡಿರಾಂಪುರಕ್ಕೆ ಹೋದ ಕುಟುಂಬಗಳ ನೆನಪಿನಲ್ಲಿರುವ ರಥಬೀದಿಯನ್ನು ಮನೆಮನೆಯಾಗಿ ದಾಖಲಿಸುವ ಕೆಲಸವನ್ನು ಎಲ್ಲಕ್ಕಿಂತ ಮೊದಲು ಕೈಗೊಳ್ಳಬೇಕು. ಕಡ್ಡಿರಾಂಪುರದಲ್ಲಿ ವಿಜಯನಗರ ಕಾಲದ ಎರಡು ಗೋರಿಕಟ್ಟಡಗಳಿವೆ. ನಗರದ ಹೃದಯದಲ್ಲಿದ್ದವರು ಈಗ ಅದರ ಅಂಚಿನ ಆ ಪರಿಸರದಲ್ಲಿದ್ದಾರೆ. ಚೈತ್ರದಲ್ಲಿ ತೇರು ಹೊರಟಾಗ ಮಿಣಿ ಹಿಡಿಯಲು ಅವರು ಮತ್ತೆ ರಥಬೀದಿಗೆ ಬರುತ್ತಾರೆ. ಅವರ ನೆನಪು ಇರುವಾಗಲೇ ಅದನ್ನು ಬರೆದಿಟ್ಟುಕೊಳ್ಳುವುದು ಸಂಶೋಧಕರ ಮೇಲಿರುವ ತುರ್ತಿನ ಹೊಣೆಯಾಗಿದೆ.